ಬಿಚ್ಚಿ ನೋಡದೆ ಬಿಸಾಡು ಅಂತಾರಲ್ಲ!

ಇಲ್ಲಿ ಕೊಲೊರಾಡೊದಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಹುಲ್ಲು ಕತ್ತರಿಸೋ ಮಷೀನಿನ ಚಕ್ರದ ಹೈಡ್ರಾಲಿಕ್ ಮೋಟಾರಿಂದ ಆಯಿಲ್ ಸೋರ್ತಿತ್ತು. "ಮೋಟಾರ್ ಹೋಗಿದೆ, ಹೊಸದು ಹಾಕ್ಸಿ" ಅಂದ ಡೀಲರ್, ಮುಟ್ಟಿಯೂ ನೋಡದೆ!

ನಾನು ಕೀಬೋರ್ಡ್ ಕುಟ್ಟೋ ಇಂಜಿನಿಯರ್ರು. ಆದರೂ ಜೋಡಿಸುವಾಗ ತಪ್ಪಬಾರದು ಅಂತ ಹೊರಮೈ ಮೇಲೆ ಗೆರೆ ಎಳೆದು, ಬಿಚ್ಚಿಯೇಬಿಟ್ಟೆ. ಒಳಗೆ 7 ಹಲ್ಲಿನ ರಿಂಗು, ಅದರೊಳಗೆ 6 ಹಲ್ಲಿನ ರೋಟರ್. ಉಗುರಾಡಿಸಿದೆ, ಒಂದು ಗೀರೂ ಸಿಗಲಿಲ್ಲ. ಬಿರುಕು ಬಿಟ್ಟಿದ್ದು ಶಾಫ್ಟಿನ ರಬ್ಬರ್ ಸೀಲ್ ಮಾತ್ರ! ಅದನ್ನು ಬದಲಿಸಿದೆ, ಸೋರಿಕೆ ನಿಂತಿತು.

ಕೃಷಿ ಯಂತ್ರಗಳ ರಿಪೇರಿ ಕೈಪಿಡಿ, ಬಿಡಿಭಾಗ ಮಾಲೀಕರಿಗೆ ಕೊಡಲೇಬೇಕು ಅಂತ ಈ ರಾಜ್ಯದಲ್ಲಿ 2024ರಿಂದ ಕಾನೂನಿದೆ. ಆದರೆ ಕೇಳೋರೇ ಇಲ್ಲದಿದ್ದರೆ ಕಾನೂನು ಏನು ಮಾಡೀತು? ಇನ್ನು ಮುಂದೆ ಯಾರಾದರೂ "ಹೋಗಿದೆ" ಅಂದರೆ, "ಬಿಚ್ಚಿ ತೋರ್ಸಿ ಸ್ವಾಮಿ" ಅನ್ನಿ.