ಬಲ್ಲವರು ಬರೆಯಲಿ, ಕಾಲೇಜು ಮೊಹರು ಹಾಕಲಿ

ಇವರಿಗೆ,
ಪರೇಲ್ ಸುತ್ತಮುತ್ತಲಿನ ಕಾಲೇಜುಗಳ ಪ್ರಾಂಶುಪಾಲರು ಮತ್ತು ವಿಭಾಗ ಮುಖ್ಯಸ್ಥರು

ವಿಷಯ: ವಿದ್ಯಾರ್ಥಿಗಳ ಶಿಫಾರಸು ಪತ್ರ

ಮಾನ್ಯರೇ,

ನನ್ನ ಮಗಳು ಇಲ್ಲಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ವರ್ಷದಲ್ಲಿದ್ದಾಳೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಅದಕ್ಕೆ ಅವಳನ್ನು ಬಲ್ಲ ಅಧ್ಯಾಪಕರೊಬ್ಬರ ಶಿಫಾರಸು ಬೇಕು. ಕೇಳಲು ಹೋದಾಗ ಮುಖ್ಯಸ್ಥರು ತಲೆ ಎತ್ತದೆ, "ನೀನೇ ಟೈಪ್ ಮಾಡಿಕೊಂಡು ಬಾ, ಸಹಿ ಹಾಕ್ತೇನೆ" ಎಂದರಂತೆ.

ಟೈಪ್ ಮಾಡಲು ಮಾದರಿಯೂ ಸಿದ್ಧವಿದೆ, ಹಿಂದಿನ ಬ್ಯಾಚಿನಿಂದ ವಾಟ್ಸಾಪ್‌ನಲ್ಲಿ ಇಳಿದು ಬಂದದ್ದು. ಶ್ರಮಜೀವಿ, ಪ್ರಾಮಾಣಿಕ, ಒಳ್ಳೆಯ ನಡತೆ. ಹೆಸರು, ರೋಲ್ ನಂಬರ್ ಬದಲಿಸಿದರೆ ಮುಗಿಯಿತು. ಅವಳ ಕೈಗೆ ಬಂದ ಪ್ರತಿಯಲ್ಲಿ ಮೊದಲ ಪ್ಯಾರಾದಲ್ಲಿ 'ಶೀ' ಇದ್ದದ್ದು ಎರಡನೆಯದರಲ್ಲಿ 'ಹೀ' ಆಗಿತ್ತು. ಅದರ ಕೆಳಗೂ ಸಹಿ ಇತ್ತು, ಮೊಹರು ಇತ್ತು.

ನನ್ನ ಮಗಳು ಗಳಿಸಿದ್ದು ಇಂಥ ಪತ್ರವನ್ನಲ್ಲ. ಕಳೆದ ವರ್ಷ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸುವ ಪ್ರಾಕ್ಟಿಕಲ್‌ನಲ್ಲಿ ಅವಳ ಪ್ಲೇಟುಗಳಿಗೆಲ್ಲ ಬೂಸ್ಟು ಹಿಡಿಯಿತು. ಪಕ್ಕದವರದ್ದು ನೋಡಿ ಜರ್ನಲ್ ತುಂಬಿಸಬಹುದಿತ್ತು. ತನ್ನದು ಕೆಟ್ಟಿತೆಂದೇ ಬರೆದಳು. ಹೊಸದಾಗಿ ಅಗಾರ್ ಸುರಿದು ಮೊದಲಿನಿಂದ ಮಾಡಿದಳು, ಹಿಂದಿನ ಸಲ ಎಲ್ಲಿ ಎಡವಿದ್ದಿರಬಹುದೆಂದು ಅಂಚಿನಲ್ಲಿ ಟಿಪ್ಪಣಿ ಹಾಕಿದಳು. ಅದನ್ನು ಕಂಡವರು ಪ್ರಾಕ್ಟಿಕಲ್ ತೆಗೆದುಕೊಂಡ ಮೇಡಂ ಒಬ್ಬರೇ. ಅವರು ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಸಿಎಚ್‌ಬಿ ಅಧ್ಯಾಪಕಿ. ವರ್ಷ ಮುಗಿಯಿತು, ಹೋದರು. ಬರೆದುಕೊಡಲು ಈಗಲೂ ಸಿದ್ಧರಿದ್ದಾರೆ, ಆದರೆ ಅವರ ಬಳಿ ಕಾಲೇಜಿನ ಲೆಟರ್‌ಹೆಡ್ ಇಲ್ಲ, ಇಮೇಲ್ ಇಲ್ಲ. ಹುಡುಗಿಯನ್ನು ಬಲ್ಲವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವರಿಗೆ ಹುಡುಗಿಯ ಮುಖಪರಿಚಯವೂ ಇಲ್ಲ. ನನ್ನ ದೂರು ಇದೇ.

ಕಾಯಂ ಹುದ್ದೆಗಳು ಖಾಲಿ ಬಿದ್ದಿರುವಾಗ ಮುಖ್ಯಸ್ಥರ ಮೇಲೆ ಎಷ್ಟು ಹೊರೆ ಇದೆಯೆಂದು ಬಲ್ಲೆ. ಅದರ ದಂಡ ಮಕ್ಕಳು ಯಾಕೆ ತೆರಬೇಕು? ಕಾಲೇಜು ಫೆಸ್ಟಿವಲ್‌ನಲ್ಲಿ ಓಡಾಡಿ ಅಧ್ಯಾಪಕರ ಕಣ್ಣಿಗೆ ಬಿದ್ದವರಿಗೆ ಹೇಗೋ ಒಳ್ಳೆಯ ಪತ್ರ ಸಿಗುತ್ತದೆ. ಕ್ಲಾಸು ಬಿಟ್ಟ ಕೂಡಲೇ ಟ್ಯೂಷನ್ ಹೇಳಲು, ಅಂಗಡಿಯಲ್ಲಿ ನಿಲ್ಲಲು ಓಡುವವರ ಗತಿ?

ಬಲ್ಲವರು ಬರೆದ ಶಿಫಾರಸು ಪತ್ರದ ಬೆಲೆ ಮುಂಬಯಿ ಕನ್ನಡಿಗರಿಗೆ ಗೊತ್ತು. 1908ರಲ್ಲಿ ಶುರುವಾದ ಮೊಗವೀರ ರಾತ್ರಿ ಶಾಲೆಯಂಥ ಕಡೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರ ಮಕ್ಕಳು ನಾವು. ನನ್ನ ತಂದೆಯೂ ಹಾಗೆ ಓದಿದವರೇ. ಬಂಧುಬಳಗವಿಲ್ಲದ ಊರಿನಲ್ಲಿ ಅವರಿಗೆ ಗುಮಾಸ್ತಿಕೆ ಕೊಡಿಸಿದ್ದು ಮಾಸ್ತರರ ಒಂದು ಚೀಟಿ. ಹುಡುಗ ಲೆಕ್ಕ ತಪ್ಪಿದರೆ ತಾನೇ ಬಂದು ಹೇಳುತ್ತಾನೆ ಎಂದು ಅದರಲ್ಲಿತ್ತಂತೆ. ದಿನಾ ರಾತ್ರಿ ಎದುರು ಕೂರಿಸಿಕೊಂಡು ಕಲಿಸಿದವರಿಗೆ ಮಾತ್ರ ಬರೆಯಲು ಬರುವ ಮಾತು ಅದು.

ಅಂಥ ಪತ್ರದ ಅಗತ್ಯ ಇಂದಿಗೂ ತೀರಿಲ್ಲ. 1899ರಲ್ಲಿ ಪ್ಲೇಗ್ ಪ್ರಯೋಗಾಲಯವಾಗಿ ಹುಟ್ಟಿದ ಹಾಫ್ಕಿನ್ ಸಂಸ್ಥೆ, 1926ರ ಕೆಇಎಂ, 1941ರ ಟಾಟಾ ಮೆಮೋರಿಯಲ್ ಎಲ್ಲ ಇದೇ ಪರೇಲಿನಲ್ಲಿವೆ. ಆ ಗೇಟುಗಳ ಮುಂದೆಯೇ ಬೆಳೆದ ಮಕ್ಕಳು ಒಳಗೆ ಕೆಲಸ ಕಲಿಯಲು ಅವಕಾಶ ಕೇಳಬೇಕಾದರೆ ಕೈಯಲ್ಲಿ ಗಟ್ಟಿಯಾದೊಂದು ಪತ್ರ ಬೇಡವೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು: ಪ್ರಾಕ್ಟಿಕಲ್, ಪ್ರಾಜೆಕ್ಟ್ ನೋಡಿಕೊಂಡ ಅಧ್ಯಾಪಕರು ಪ್ರತಿ ಸೆಮಿಸ್ಟರ್ ಕೊನೆಗೆ ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ನಾಲ್ಕು ಸಾಲು ಬರೆದು ವಿಭಾಗದಲ್ಲಿಡಲಿ. ಸಿಎಚ್‌ಬಿಯವರು ಹೋಗುವ ಮುನ್ನ ಅದಕ್ಕೆ ಗಂಟೆ ಕೊಡಿ, ಆ ಗಂಟೆಗೆ ಸಂಬಳವನ್ನೂ ಕೊಡಿ. ಅವರ ಕಾಲೇಜು ಇಮೇಲನ್ನು ಒಂದು ವರ್ಷವಾದರೂ ಮುಚ್ಚಬೇಡಿ. ಬರೆಯಲು ಆಗದಿದ್ದರೆ ಆಗುವುದಿಲ್ಲವೆಂದು ಮೊದಲೇ ಹೇಳಿ, ಮಗು ಬೇರೆಯವರನ್ನು ಕೇಳಿಕೊಳ್ಳುತ್ತದೆ.

ಅರ್ಜಿಯ ಕೊನೆಯ ದಿನ ದೂರವಿಲ್ಲ. ಮಗಳು ಆ ಮಾದರಿಯನ್ನು ತುಂಬಿಸಿಲ್ಲ. ಮೇಡಂ ಬರೆದ ಪತ್ರವನ್ನೇ ಈ ವಾರ ಕಚೇರಿಗೆ ತರುತ್ತಾಳೆ. ದಯವಿಟ್ಟು ಓದಿ ನೋಡಿ, ಮೇಲುಸಹಿ ಹಾಕಿಕೊಡಿ.

ಇತಿ,
ಒಬ್ಬ ಪೋಷಕ
ಪರೇಲ್, ಮುಂಬಯಿ