ಕಾಣದ ಗಾಯಕ್ಕೆ ಸಾಕ್ಷಿ ಯಾರು?

ಮೈಮೇಲಿನ ಗಾಯ ತನ್ನ ಸಾಕ್ಷ್ಯವನ್ನು ತಾನೇ ನುಡಿಯುತ್ತದೆ. ಮನಸ್ಸಿನ ಗಾಯಕ್ಕೆ ಮತ್ತೊಬ್ಬರು ಸಾಕ್ಷಿ ಹೇಳಬೇಕಾಗುತ್ತದೆ. ಪರದೇಶದಲ್ಲಿ ನೆಲೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿದವರಿಗೆ ಈ ಮಾತಿನ ಕಟುಸತ್ಯ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ವಲಸಿಗರ ಮೊಕದ್ದಮೆಗಳಲ್ಲಿ ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ತಪಾಸಣಾ ವರದಿಯನ್ನು ಸಾಕ್ಷ್ಯವಾಗಿ ಒಪ್ಪಿಸುವ ಪದ್ಧತಿ ಬೆಳೆದುಬಂದಿದೆ. ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ಕನ್ನಡ ಕುಟುಂಬಗಳಿಗೆ ಇದು ದೂರದ ವಿಷಯವೆಂದು ಕೈಬಿಡುವಂತಹುದಲ್ಲ.

ಆಶ್ರಯ ಬೇಡಿ ಬಂದವನ ಬಳಿ ದಾಖಲೆಗಳು ಇರುವುದು ಅಪರೂಪ. ಅವನ ಮಾತೇ ಅವನ ಬಂಡವಾಳ. 2005ರ ರಿಯಲ್ ಐಡಿ ಕಾನೂನಿನ ಪ್ರಕಾರ, ಮೊಕದ್ದಮೆಯ ತಿರುಳಿಗೆ ಸಂಬಂಧಿಸದ ಸಣ್ಣ ವ್ಯತ್ಯಾಸವನ್ನೂ ನ್ಯಾಯಾಧೀಶರು ಅವನ ವಿಶ್ವಾಸಾರ್ಹತೆಯ ವಿರುದ್ಧ ಗಣಿಸಬಹುದು. ಆದರೆ ಭೀಕರ ಹಿಂಸೆಯನ್ನುಂಡ ಮನಸ್ಸು ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡುವುದಿಲ್ಲ. ಅಂಥವನು ದಿನಾಂಕ ಮರೆಯುತ್ತಾನೆ, ನಡುವೆ ಮೌನವಾಗುತ್ತಾನೆ, ಕೆಲವೊಮ್ಮೆ ಘೋರ ಸಂಗತಿಯನ್ನು ನಿರ್ವಿಕಾರವಾಗಿ ಹೇಳುತ್ತಾನೆ. ಅಮೆರಿಕದ ಮನೋವೈದ್ಯ ಸಂಘವು 1980ರಲ್ಲಿ ತನ್ನ ಕೈಪಿಡಿಗೆ ಸೇರಿಸಿಕೊಂಡ ಆಘಾತೋತ್ತರ ಮನೋವ್ಯಾಧಿಯಲ್ಲಿ ಇಂಥ ಲಕ್ಷಣಗಳು ಕಾಣಬರುತ್ತವೆ. ಇದನ್ನು ತಿಳಿಸಿಹೇಳುವವರಿಲ್ಲದಿದ್ದರೆ ರೋಗದ ಲಕ್ಷಣವೇ ಸುಳ್ಳಿನ ಲಕ್ಷಣವೆನಿಸುವ ಅಪಾಯವುಂಟು. ಅಲ್ಲದೆ, ದೇಶ ಪ್ರವೇಶಿಸಿದ ಒಂದು ವರ್ಷದೊಳಗೆ ಆಶ್ರಯದ ಅರ್ಜಿ ಸಲ್ಲಿಸಬೇಕೆಂಬುದು 1996ರ ಕಾನೂನಿನ ನಿಯಮ. ಮನೋವ್ಯಾಧಿಯಿಂದ ವಿಳಂಬವಾಯಿತೆಂದು ತೋರಿಸಬೇಕಾದಾಗಲೂ ಈ ವರದಿಯೇ ಆಧಾರ.

ಹೆಣ್ಣುಮಕ್ಕಳ ವಿಚಾರ ಇನ್ನೂ ಹತ್ತಿರದ್ದು. ಅಮೆರಿಕದ ಪ್ರಜೆಯನ್ನೋ ಖಾಯಂ ನಿವಾಸಿಯನ್ನೋ ವರಿಸಿ ಕ್ರೌರ್ಯಕ್ಕೆ ತುತ್ತಾದ ಪತ್ನಿ ಗಂಡನಿಗೆ ತಿಳಿಯದಂತೆ ತಾನೇ ಅರ್ಜಿ ಸಲ್ಲಿಸಲು 1994ರ ಕಾನೂನು ದಾರಿ ಮಾಡಿಕೊಟ್ಟಿತು. ಎಚ್-1ಬಿ ವೀಸಾದವರ ಪತ್ನಿಗೆ ಈ ದಾರಿಯಿಲ್ಲ. ಆದರೆ ಅಂಥವಳು ದುಡಿಯುವ ಪರವಾನಗಿ ಕೇಳಲು 2005ರ ಕಾನೂನು ಅವಕಾಶ ಕಲ್ಪಿಸಿತು. ಹೊಡೆತವೊಂದೇ ಕ್ರೌರ್ಯವಲ್ಲ, ಪಾಸ್‌ಪೋರ್ಟ್ ಬಚ್ಚಿಡುವುದು, ತವರಿಗೆ ಫೋನ್ ಮಾಡಗೊಡದಿರುವುದು, ಊರಿಗೆ ಅಟ್ಟುವೆನೆಂದು ಬೆದರಿಸುವುದು ಮೈಮೇಲೆ ಗುರುತು ಉಳಿಸುವುದಿಲ್ಲ. ಅವು ಮನಸ್ಸಿನಲ್ಲಿ ಉಳಿಸಿದ ಗುರುತನ್ನು ಓದಬಲ್ಲವರು ತಜ್ಞರೇ.

ಇಂಥ ವರದಿ ಹಣ ಕೊಟ್ಟು ಕೊಂಡ ಕಾಗದವೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆ ತೀರ ನಿರಾಧಾರವಲ್ಲ. ಆದರೆ ಅಡಮಾನದ ಆಸ್ತಿಗೆ ಬೆಲೆ ಕಟ್ಟುವವನೂ ಫೀಸು ಪಡೆಯುತ್ತಾನೆ. ಫೀಸು ಪಡೆದನೆಂಬ ಮಾತ್ರಕ್ಕೆ ಅವನು ಕಟ್ಟಿದ ಬೆಲೆ ಸುಳ್ಳಾಗುವುದಿಲ್ಲ. ಅವನು ಆಸ್ತಿಯನ್ನು ಕಣ್ಣಾರೆ ನೋಡಿದನೇ, ಕುಂದುಗಳನ್ನೂ ಬರೆದನೇ ಎಂಬುದೇ ಪ್ರಶ್ನೆ. ಹಿಂಸೆಯ ತಪಾಸಣೆಗೆಂದು 1999ರಲ್ಲಿ ರೂಪುಗೊಂಡು 2022ರಲ್ಲಿ ಪರಿಷ್ಕೃತವಾದ ಇಸ್ತಾಂಬುಲ್ ಪ್ರೋಟೋಕಾಲ್ ಇದಕ್ಕೆ ಮಾದರಿ. ಅದರಂತೆ ತಜ್ಞರು ದೀರ್ಘಕಾಲ ಮಾತನಾಡಿಸಿ, ನಿದ್ರೆ, ದುಃಸ್ವಪ್ನ, ಪೂರ್ವಚರಿತ್ರೆಗಳನ್ನು ವಿಚಾರಿಸಿ, ಕಂಡ ಲಕ್ಷಣಗಳು ಹೇಳಿದ ಘಟನೆಗೆ ಎಷ್ಟರಮಟ್ಟಿಗೆ ಹೊಂದುತ್ತವೆಂದು ತೂಗಿ ಬರೆಯುತ್ತಾರೆ. ಹೊಂದದಿದ್ದರೆ ಅದನ್ನೂ ಬರೆಯುತ್ತಾರೆ. ತೀರ್ಪು ನೀಡುವುದು ನ್ಯಾಯಾಧೀಶರ ಕೆಲಸ. ಹೆಸರು ಬದಲಿಸಿ ಒಂದೇ ವರದಿಯನ್ನು ಹತ್ತು ಮಂದಿಗೆ ಬರೆದುಕೊಡುವವನು ಹನ್ನೊಂದನೆಯ ಪ್ರಾಮಾಣಿಕನ ಬಾಯಿ ಕಟ್ಟಿದಂತೆ.

ಭಾಷೆಯ ತೊಡಕು ಬೇರೆ. "ಎದೆ ಭಾರ", "ಹೊಟ್ಟೆಯಲ್ಲಿ ಸಂಕಟ", "ಯಾವುದರಲ್ಲೂ ಜೀವವಿಲ್ಲ" ಎಂಬುದು ಕನ್ನಡದ ಹೆಣ್ಣುಮಗಳು ಮನೋವ್ಯಥೆಯನ್ನು ಹೇಳಿಕೊಳ್ಳುವ ರೀತಿ. ಪದಕ್ಕೆ ಪದವಿಟ್ಟು ಭಾಷಾಂತರಿಸಿದರೆ ಅದು ಹೃದ್ರೋಗವೋ ಅಜೀರ್ಣವೋ ಆಗಿಬಿಡುತ್ತದೆ. ಆದಕಾರಣ ಕನ್ನಡ ಬಲ್ಲ ದುಭಾಷಿ ಬೇಕು. ಆದರೆ ಅವನು ಗಂಡನ ಕಡೆಯವನಾಗಲಿ, ನಾಲ್ಕು ಜನರ ಬಾಯಿಗೆ ಸುದ್ದಿ ಮುಟ್ಟಿಸುವ ಪರಿಚಿತನಾಗಲಿ ಆಗಿರಬಾರದು.

ವಲಸೆ ನ್ಯಾಯಾಲಯದಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕೇ ಇಲ್ಲವೆಂದ ಮೇಲೆ, ಮನೋತಜ್ಞರ ಫೀಸನ್ನು ಬಡವ ಎಲ್ಲಿಂದ ತರಬೇಕು? 1986ರಲ್ಲಿ ಸ್ಥಾಪಿತವಾದ ಫಿಜಿಶಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಸಂಸ್ಥೆಯ ಸ್ವಯಂಸೇವಕ ತಜ್ಞರೂ ಕೆಲವು ವೈದ್ಯಕೀಯ ಕಾಲೇಜುಗಳ ಚಿಕಿತ್ಸಾಲಯಗಳೂ ಆಶ್ರಯಾರ್ಥಿಗಳಿಗೆ ಉಚಿತವಾಗಿ ಈ ಸೇವೆ ಸಲ್ಲಿಸುತ್ತಿರುವುದು ಸ್ತುತ್ಯರ್ಹ. ಆದರೆ ನ್ಯಾಯವು ದಾನಿಗಳ ಬಿಡುವನ್ನು ಕಾಯುವಂತಾಗಬಾರದು.

ಇತ್ತ ಹೆತ್ತವರಿಗೂ ಒಂದು ಹೊಣೆಯಿದೆ. ದೂರದಲ್ಲಿರುವ ಮಗಳು ಫೋನಿನಲ್ಲಿ "ಅಮ್ಮಾ, ನಿದ್ದೆಯೇ ಬರುವುದಿಲ್ಲ" ಎಂದಾಗ "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ಮಾತು ಮುಗಿಸದೆ, ವೈದ್ಯರನ್ನು ಕಾಣುವಂತೆ ಹೇಳಬೇಕು. ಸಕಾಲದಲ್ಲಿ ಪಡೆದ ಚಿಕಿತ್ಸೆಯ ದಾಖಲೆ ಮುಂದೆ ಮೊಕದ್ದಮೆಗೆ ಬಲವಾದ ಆಧಾರವಾದೀತು. ಮೊಕದ್ದಮೆಯೇ ಬೇಡವಾದರೆ, ಅವಳಿಗೆ ನಿದ್ದೆಯಾದರೂ ಬಂದೀತು.