ಕೀಳುವ ಮೊದಲು ಗುರುತಿಸಿ

ಟೆಕ್ಸಾಸ್, ಫ್ಲಾರಿಡಾಗಳ ಮರಳು ನೆಲದಲ್ಲಿ ಮನೆ ಮಾಡಿಕೊಂಡವರಿಗೆ ಸ್ಯಾಂಡ್‌ಬರ್ ಹುಲ್ಲಿನ ಪರಿಚಯ ಮಾಡಿಸಬೇಕಾಗಿಲ್ಲ. ಬೇಸಿಗೆಯಿಂದ ಚಳಿ ಬೀಳುವವರೆಗೆ ಅದರ ಮುಳ್ಳುಗಾಯಿ ಮಕ್ಕಳ ಅಂಗಾಲು, ನಾಯಿಯ ಪಾದ, ಕಾಲುಚೀಲ ಯಾವುದನ್ನೂ ಬಿಡುವುದಿಲ್ಲ. ಮುಳ್ಳು ಚುಚ್ಚಿದ ಮೇಲೆ ಕಳೆನಾಶಕ ಹುಡುಕಿಕೊಂಡು ಅಂಗಡಿಗೆ ಹೋಗುವುದು ವಾಡಿಕೆ. ಅಷ್ಟು ಹೊತ್ತಿಗೆ ಬೀಜ ಬಲಿತು, ಆ ವರ್ಷದ ಅವಕಾಶ ಕೈತಪ್ಪಿರುತ್ತದೆ.

ಆದ್ದರಿಂದ ತೆನೆ ಬರುವ ಮೊದಲೇ ಅದನ್ನು ಗುರುತಿಸಲು ಕಲಿಯಬೇಕು. ಎಳೆಯ ಗಿಡ ನೆಲಕ್ಕೆ ಒರಗಿ ಹರಡುತ್ತದೆ, ಬುಡ ಚಪ್ಪಟೆ, ಕೆಲವೊಮ್ಮೆ ಕೆಂಪು ಛಾಯೆ. ಎಲೆ ಕಾಂಡಕ್ಕೆ ಕೂಡುವ ಜಾಗವನ್ನು ಬಿಡಿಸಿ ನೋಡಿದರೆ ಸಣ್ಣ ಕೂದಲಿನ ಸಾಲು ಕಾಣುತ್ತದೆ. ಅನುಮಾನವಿದ್ದರೆ ಬುಡವನ್ನು ಮೆಲ್ಲಗೆ ಅಗೆಯಿರಿ, ಹಳೆಯ ಮುಳ್ಳುಗಾಯಿಯ ಸಿಪ್ಪೆ ಬೇರಿಗೆ ಅಂಟಿಕೊಂಡೇ ಇರುವುದುಂಟು. ನೆಗ್ಗಿಲು ಮುಳ್ಳೂ ಅಲ್ಲಿನ ಒಣ ನೆಲದಲ್ಲಿ ಬೆಳೆಯುವುದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ನೆಗ್ಗಿಲಿಗೆ ಹಳದಿ ಹೂವು, ಜೋಡಿ ಜೋಡಿ ಪುಟ್ಟ ಎಲೆ. ಅದು ಹುಲ್ಲಲ್ಲ.

ಸ್ಯಾಂಡ್‌ಬರ್‌ನ ನಿಜವಾದ ಬಲ ಇರುವುದು ಅದರ ಕಾಯಿಯಲ್ಲಿ. ಒಂದು ಕಾಯಿಯೊಳಗೆ ಸಾಮಾನ್ಯವಾಗಿ ಒಂದರಿಂದ ಮೂರು ಬೀಜ. ಉದ್ದ ಮುಳ್ಳಿನ ಜಾತಿಯಲ್ಲಿ ಒಂದು ಬೀಜ ಬೇಗ ಮೊಳೆತರೆ ಜೊತೆಯದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಈ ವರ್ಷ ಬರಗಾಲವಾದರೂ ಸರಿ, ನೀವೇ ಕಿತ್ತೆಸೆದರೂ ಸರಿ, ವಂಶ ಉಳಿಯುತ್ತದೆ. ಮುಳ್ಳುಗಳ ತುಂಬ ಹಿಮ್ಮುಖ ಕೊಕ್ಕೆಗಳಿರುವುದರಿಂದ ಕುರಿಯ ಉಣ್ಣೆ, ಬಟ್ಟೆ, ವಾಹನದ ಚಕ್ರ ಎಲ್ಲವೂ ಅದಕ್ಕೆ ಸವಾರಿ. ಹೀಗೇ ಹೊರಟು ಅಮೆರಿಕ ಖಂಡದ ಈ ಹುಲ್ಲು ಆಸ್ಟ್ರೇಲಿಯಾಕ್ಕೂ ಹಂಗೇರಿಯ ಮರಳು ಬಯಲಿಗೂ ತಲುಪಿತು.

ಇದನ್ನು ವಿಷದಿಂದಷ್ಟೇ ಗೆಲ್ಲುತ್ತೇವೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಯಾಂಡ್‌ಬರ್ ಹುಲುಸಾಗುವುದು ಸಾರವಿಲ್ಲದ, ನೀರು ನಿಲ್ಲದ, ಹುಲ್ಲುಹಾಸು ತೆಳುವಾದ ಕಡೆ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಕೊಟ್ಟು, ಸಾವಯವ ಅಂಶ ಹೆಚ್ಚಿಸಿ, ಹಾಸನ್ನು ದಟ್ಟವಾಗಿಸಿದರೆ ಅದಕ್ಕೆ ಜಾಗವೇ ಸಿಗುವುದಿಲ್ಲ. ಮೊಳಕೆ ತಡೆಯುವ ಔಷಧಿ ಬಳಸಲೇಬೇಕಾದರೆ ವಸಂತದಲ್ಲಿ, ಮಣ್ಣಿನ ಬಿಸಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಹಾಕಬೇಕು. ಕಾಯಿ ಕಟ್ಟಿದ್ದರೆ ಕತ್ತರಿಸಿದ ಹುಲ್ಲನ್ನು ಚೀಲದಲ್ಲೇ ಹಿಡಿದು ಹೊರಹಾಕಬೇಕು, ಗೊಬ್ಬರದ ಗುಂಡಿಗೆ ಸುರಿಯಲೇಬಾರದು. ಸಣ್ಣ ಅಂಗಳವಾದರೆ ದಪ್ಪ ಕೈಗವಸು ಹಾಕಿಕೊಂಡು ಬುಡಸಮೇತ ಕೀಳುವುದೇ ಒಳ್ಳೆಯದು. ಸತತವಾಗಿ ಕೆಲವು ವರ್ಷ ಬೀಜ ಉದುರಗೊಡದಿದ್ದರೆ ಮಣ್ಣಿನ ದಾಸ್ತಾನು ಕರಗುತ್ತದೆ.

ಇಷ್ಟು ಹೇಳುವಾಗ, ಚುಚ್ಚುವ ಹುಲ್ಲನ್ನೆಲ್ಲ ಕಳೆಯೆಂದು ಕಿತ್ತುಬಿಟ್ಟಾರೋ ಎಂದು ನಮ್ಮ ಕರಾವಳಿಯ ಬಗ್ಗೆ ಆತಂಕವಾಗುತ್ತದೆ. ನಮ್ಮ ಕಡಲತೀರದಲ್ಲೂ ಚುಚ್ಚುವ ಹುಲ್ಲೊಂದಿದೆ, ರಾವಣನ ಮೀಸೆ. ಬೂದು ಮಿಶ್ರಿತ ಹಸಿರು, ಸೂಜಿಯಂಥ ಗಡಸು ಎಲೆ. ಹೆಣ್ಣು ಗಿಡದ ದೊಡ್ಡ ಮುಳ್ಳಿನ ಚೆಂಡು ಕಳಚಿಕೊಂಡು ಗಾಳಿಗೆ ಮರಳ ಮೇಲೆ ಉರುಳುತ್ತ ಹೋಗುತ್ತದೆ. ಇದೂ ಕಾಲಿಗೆ ಚುಚ್ಚುತ್ತದೆ, ನಿಜ. ಆದರೆ ಇದು ಇಲ್ಲಿಯದೇ ಹುಲ್ಲು, ಬಹುವಾರ್ಷಿಕ. ಗಿಣ್ಣು ಗಿಣ್ಣಿಗೆ ಬೇರಿಳಿಸುತ್ತ ಹಬ್ಬಿ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುತ್ತದೆ. ಹೂತುಹೋದಷ್ಟೂ ಮೇಲೆ ಚಿಗುರುತ್ತದೆ. ಬಿರುಗಾಳಿಯ ದಿನ ಅಲೆಗೆ ಮೊದಲು ಎದೆಯೊಡ್ಡುವುದು ಆ ದಿಬ್ಬ. ಕಡಲ್ಕೊರೆತಕ್ಕೆ ಪ್ರತಿ ಮಳೆಗಾಲ ಬಂಡೆಗಲ್ಲು ಸುರಿಯುವ ನಾಡಿನಲ್ಲಿ, ಪುಕ್ಕಟೆಯಾಗಿ ಮರಳು ಹಿಡಿಯುವ ಹುಲ್ಲನ್ನು ಕಸವೆಂದು ಗುಡಿಸುವುದು ಅನ್ಯಾಯ.

ಕಡಲತೀರದ ಪಂಚಾಯಿತಿಯವರಲ್ಲಿ, ರೆಸಾರ್ಟ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಜನ ನಡೆಯುವಲ್ಲಿ ಒಂದು ಹಲಗೆಯ ದಾರಿ ಹಾಕಿ. ದಿಬ್ಬಕ್ಕೆ ಯಂತ್ರ ನುಗ್ಗಿಸಬೇಡಿ, ರಾವಣನ ಮೀಸೆಯನ್ನು ಇದ್ದಲ್ಲಿಯೇ ಬಿಡಿ.